ಬೀಗದ ಕೈ ಗೊಂಚಲು ಯಾರ ಸೊಂಟದಲ್ಲಿ: ಹಿಡಿತದ ಹಸಿವನ್ನು ಪಳಗಿಸುವ ದಾರಿ

ಅಮ್ಮನ ಹಾಸಿಗೆ ಝಾಡಿಸುವಾಗ ದಿಂಬಿನ ಕವರಿನೊಳಗಿಂದ 14 ಬಿಪಿ ಮಾತ್ರೆ ಉದುರಿದವು. ದಿನಾ ಬೆಳಿಗ್ಗೆ ನಾನೇ ಅವಳ ಅಂಗೈಗೆ ಹಾಕಿ, ನೀರಿನ ಲೋಟ ಕೊಟ್ಟು, ಕುಡಿದು ಮುಗಿಸುವವರೆಗೂ ಎದುರಿಗೆ ನಿಂತಿರುತ್ತಿದ್ದೆ. ಅವಳು ಮಾತ್ರೆಯನ್ನು ಬೆರಳ ಸಂದಿಯಲ್ಲಿ ಉಳಿಸಿಕೊಂಡು ಬರೀ ನೀರು ಕುಡಿಯುತ್ತಿದ್ದಳು. ಮರೆವಿನ ಕಾಯಿಲೆ ಶುರುವಾಯಿತೇನೋ ಎಂದು ಹೆದರಿ ಕೇಳಿದೆ. ‘ಮರೆವೇನಿಲ್ಲ. ನೀನು ಹಂಗೆ ಮುಂದೆ ಬಂದು ನಿಂತ್ಕೋತೀಯಲ್ಲ, ನುಂಗಕ್ಕೆ ಮನಸ್ಸಾಗಲ್ಲ’ ಅಂದಳು.

ಅಮ್ಮ ತಿಪಟೂರಿನ ಹತ್ತಿರ ಮೂರು ಎಕರೆ ತೆಂಗಿನ ತೋಟ ನೋಡಿಕೊಂಡವಳು. ಯಾವಾಗ ಕಾಯಿ ಕೆಡವಬೇಕು, ಅಟ್ಟದ ಮೇಲಿನ ಉಂಡೆ ಕೊಬ್ಬರಿ ಇನ್ನೆಷ್ಟು ತಿಂಗಳು ಒಣಗಬೇಕು, ಯಾವ ವಾರ ಮಾರುಕಟ್ಟೆಗೆ ಹಾಕಬೇಕು, ಎಲ್ಲ ಅವಳದೇ ತೀರ್ಮಾನ. ಬೀಗದ ಕೈ ಗೊಂಚಲು ಅವಳ ಸೊಂಟದಲ್ಲೇ ಇರುತ್ತಿತ್ತು. ಅಪ್ಪ ಹೋದ ಮೇಲೆ ಅವಳನ್ನು ಬೆಂಗಳೂರಿನ ಉತ್ತರಹಳ್ಳಿಯ ನಮ್ಮ ಫ್ಲಾಟಿಗೆ ಕರೆತಂದೆ. ಇಲ್ಲಿ ಕಾಫಿಗೆ ಎಷ್ಟು ಸಕ್ಕರೆ, ಎಷ್ಟು ಹೊತ್ತಿಗೆ ವಾಕಿಂಗ್, ಟಿವಿ ಎಷ್ಟು ಸೌಂಡು, ಎಲ್ಲ ನಂದೇ ಲೆಕ್ಕ. ಪ್ರೀತಿಯಿಂದಲೇ ಮಾಡಿದ್ದು. ಪ್ರೀತಿಯಿಂದ ಮಾಡಿದ್ದರಿಂದಲೇ ತಪ್ಪು ಅಂತ ಗೊತ್ತಾಗುವುದಕ್ಕೆ ಅಷ್ಟು ದಿನ ಹಿಡಿಯಿತು.

ಅದೇ ವರ್ಷ ಆಫೀಸಿನಲ್ಲಿ ನನ್ನ ಟೀಮನ್ನು ನನ್ನನ್ನು ಒಂದು ಮಾತೂ ಕೇಳದೆ ಬೇರೊಬ್ಬರ ಕೈಕೆಳಗೆ ಹಾಕಿದ್ದರು. ಸಂಜೆ ಹೊಸೂರು ರಸ್ತೆಯಲ್ಲಿ ಒಂದೂವರೆ ಗಂಟೆ ಕುಳಿತು ಮನೆಗೆ ಬಂದರೆ ನನ್ನ ಮಾತು ನಡೆಯುವ ಜಾಗ ಅಂತ ಉಳಿದಿದ್ದು ಅಡುಗೆಮನೆ, ಅಮ್ಮನ ಕೋಣೆ, ಮಗನ ಓದಿನ ಮೇಜು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುವ ಗಾದೆ ನಮ್ಮ ಮನೆಯೊಳಗೇ ನಡೆಯುತ್ತಿತ್ತು.

ನಾನು ಮನೋವೈದ್ಯೆಯಲ್ಲ. ಆಮೇಲಿನ ಎರಡು ವರ್ಷಗಳಲ್ಲಿ ಓದಿ, ತಿಳಿದವರನ್ನು ಕೇಳಿ, ಮನೆಯಲ್ಲೇ ಮಾಡಿ ನೋಡಿ ಕಲಿತದ್ದನ್ನು ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ನನಗೆ ಮನವರಿಕೆಯಾದ ಸಂಗತಿ ಒಂದು: ಬೇರೆಯವರನ್ನು ಹಿಡಿದಿಡಬೇಕು ಅನ್ನಿಸುವಾಗ ನಾವು ಹುಡುಕುತ್ತಿರುವುದು ಬಹಳ ಸಲ ನಮ್ಮದೇ ಬದುಕಿನ ಬೀಗದ ಕೈ. ಅದು ಕೈಗೆ ಬಂದರೆ ಇನ್ನೊಬ್ಬರ ಗೊಂಚಲಿನ ಮೇಲಿನ ಕಣ್ಣು ತಾನಾಗಿ ಸರಿಯುತ್ತದೆ.

ಹೆಜ್ಜೆ 1: ನಿಮಗೆ ಬೇಕಿರುವುದು ಯಾವುದು ಅಂತ ಹೆಸರಿಡಿ

‘ನನ್ನ ಮಾತು ನಡೀಬೇಕು’ ಅನ್ನುವ ಒಂದೇ ವಾಕ್ಯದಲ್ಲಿ ಮೂರು ಬೇರೆ ಬೇರೆ ಆಸೆ ಅಡಗಿರುತ್ತವೆ.

ಮೊದಲನೆಯದು ಹತೋಟಿ: ನಾನು ಮಾಡಿದ್ದಕ್ಕೂ ಮುಂದೆ ಆಗುವುದಕ್ಕೂ ಸಂಬಂಧವಿದೆ ಅನ್ನುವ ಭರವಸೆ. ಅಮೆರಿಕದ ಮನೋವಿಜ್ಞಾನಿ ಜೂಲಿಯನ್ ರಾಟರ್ 1966ರಲ್ಲಿ ಇದನ್ನು ಅಳೆಯುವ ಪ್ರಶ್ನಾವಳಿ ಪ್ರಕಟಿಸಿದರು. ಆಗುವುದೆಲ್ಲ ನನ್ನ ಪ್ರಯತ್ನದಿಂದ ಅನ್ನುವವರು ಒಂದು ತುದಿ, ಎಲ್ಲ ಅದೃಷ್ಟ ಅಥವಾ ದೊಡ್ಡವರ ಕೈಲಿದೆ ಅನ್ನುವವರು ಇನ್ನೊಂದು ತುದಿ, ನಾವೆಲ್ಲ ನಡುವೆ ಎಲ್ಲೋ. ಎರಡನೆಯದು ಸ್ವಾಯತ್ತತೆ: ನಾನು ಮಾಡುತ್ತಿರುವುದು ನನ್ನ ಮನಸ್ಸೊಪ್ಪಿ ಮಾಡುತ್ತಿರುವುದು ಅನ್ನುವ ಭಾವ. ಮನೋವಿಜ್ಞಾನಿಗಳಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಇದನ್ನು ಮನುಷ್ಯನ ಮೂರು ಮೂಲ ಅಗತ್ಯಗಳಲ್ಲಿ ಒಂದೆನ್ನುತ್ತಾರೆ. ಉಳಿದೆರಡು, ಕೈಲಾಗುತ್ತದೆ ಅನ್ನುವ ಸಾಮರ್ಥ್ಯ ಮತ್ತು ನಮ್ಮವರು ಇದ್ದಾರೆ ಅನ್ನುವ ನಂಟು. ಮೂರನೆಯದು ಅಧಿಕಾರ: ಬೇರೆಯವರ ನಡೆಯ ಮೇಲೆ ನನ್ನ ಪ್ರಭಾವ.

ಹೊರಗಿನಿಂದ ನೋಡಿದರೆ ಮೂರೂ ಒಂದೇ ಥರ ಕಾಣುತ್ತವೆ. ಒಂದೇ ದರ್ಪ, ಒಂದೇ ಗಟ್ಟಿ ದನಿ. ಆದರೆ ಬೇರ್ಪಡಿಸುವುದು ಎಷ್ಟು ಮುಖ್ಯ ಅನ್ನುವುದು ಯೋರಿಸ್ ಲ್ಯಾಮರ್ಸ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಒಂಬತ್ತು ಅಧ್ಯಯನಗಳನ್ನು ಓದಿದಾಗ ನನಗೆ ತಿಳಿಯಿತು. ಜನ ಅಧಿಕಾರ ಬಯಸುವುದು ಯಾಕೆ? ಇತರರನ್ನು ಆಳುವುದಕ್ಕಾ, ಇತರರ ಆಳ್ವಿಕೆಯಿಂದ ತಪ್ಪಿಸಿಕೊಳ್ಳುವುದಕ್ಕಾ? ಉತ್ತರ ಬಹುಮಟ್ಟಿಗೆ ಎರಡನೆಯ ಕಡೆಗೆ ವಾಲಿತು. ಸ್ವಂತ ಬದುಕಿನ ಮೇಲೆ ಸ್ವಾಯತ್ತತೆ ಸಿಕ್ಕಿದಾಗ ಅಧಿಕಾರದ ದಾಹ ಇಳಿಯಿತು. ಇತರರ ಮೇಲಿನ ಪ್ರಭಾವ ಹೆಚ್ಚಿಸಿದಾಗ ಹಾಗೆ ಇಳಿಯಲಿಲ್ಲ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ಆ ಮಾತಿನ ಒಳಗಿನ ನೋವು ಇದೇ ಅಂತ ನನಗನ್ನಿಸುತ್ತದೆ. ಇಪ್ಪತ್ತು ವರ್ಷ ತನ್ನಿಷ್ಟದ ಸಾರು ಮಾಡಲಾಗದ ಸೊಸೆ ಕಾಯುವುದು ಇನ್ನೊಬ್ಬ ಸೊಸೆಯನ್ನು ಗದರುವುದಕ್ಕಲ್ಲ. ಒಂದು ದಿನ ತನ್ನಿಷ್ಟದ ಸಾರು ಮಾಡುವುದಕ್ಕೆ. ಆ ದಿನ ಬರುವ ಹೊತ್ತಿಗೆ ಅವಳಿಗೆ ಗೊತ್ತಿರುವ ದಾರಿ ಗದರುವುದೊಂದೇ ಆಗಿರುತ್ತದೆ.

ಹಾಗಾಗಿ ಮೈ ಬಿಸಿಯೇರಿದ ಕ್ಷಣದಲ್ಲಿ ಈ ಪ್ರಶ್ನೆ ಕೇಳಿಕೊಳ್ಳಿ: ಇವರು ನಾನು ಹೇಳಿದಂತೆ ಕೇಳಿಬಿಟ್ಟರು ಅಂತಿಟ್ಟುಕೊಳ್ಳೋಣ, ಆಗ ನನ್ನ ಬದುಕಿನಲ್ಲಿ ಏನು ಬದಲಾಗುತ್ತದೆ? ಏನೂ ಬದಲಾಗುವುದಿಲ್ಲ ಅನ್ನುವುದು ಉತ್ತರವಾದರೆ ನಿಮ್ಮ ಹಸಿವು ಬೇರೆ ಕಡೆಯದು.

ಹೆಜ್ಜೆ 2: ಒಂದು ವಾರ ಬರೆದಿಡಿ

ಫೋನಿನ ನೋಟ್ಸ್ ಬೇಡ, ಕೈಯಲ್ಲಿ ಬರೆಯುವ ಸಣ್ಣ ಪುಸ್ತಕ ಸಾಕು. ಯಾರ ಮೇಲೋ ರೇಗಿದಾಗ, ಯಾರದೋ ಕೆಲಸ ಕಿತ್ತುಕೊಂಡು ನೀವೇ ಮಾಡಿದಾಗ, ‘ಎಲ್ಲಿದ್ದೀಯ’ ಎಂದು ಮೂರನೇ ಸಲ ಫೋನ್ ಮಾಡಿದಾಗ, ಎರಡು ಸಾಲು ಬರೆಯಿರಿ. ಒಂದು: ಏನು ಮಾಡಿದೆ. ಇನ್ನೊಂದು: ಅದಕ್ಕೆ ಹಿಂದಿನ ಮೂರು ಗಂಟೆಗಳಲ್ಲಿ ನನ್ನ ಕೈಯಿಂದ ಯಾವ ತೀರ್ಮಾನ ಜಾರಿತ್ತು.

ಎರಡನೇ ಸಾಲಿನಲ್ಲೇ ಎಲ್ಲ ಇದೆ. ನನ್ನ ಪುಸ್ತಕದ ಮೊದಲ ವಾರ ಹೀಗಿತ್ತು: ‘ಮಗನ ಬ್ಯಾಗು ತೆಗೆದು ನೋಡಿದೆ — ಮಧ್ಯಾಹ್ನದ ಮೀಟಿಂಗಿಗೆ ನನ್ನನ್ನು ಕರೆದಿರಲಿಲ್ಲ.’ ‘ಅಮ್ಮನ ತಟ್ಟೆಯಿಂದ ಉಪ್ಪಿನಕಾಯಿ ಎತ್ತಿಟ್ಟೆ — ಕ್ಯಾಬ್ ಎರಡು ಸಲ ಕ್ಯಾನ್ಸಲ್ ಆಗಿತ್ತು.’ ‘ಕೆಲಸದವಳು ಒರೆಸಿದ ನೆಲವನ್ನು ಮತ್ತೆ ಒರೆಸಿದೆ — ಟ್ಯಾಂಕರ್ ಬರಲಿಲ್ಲ.’ ಉಪ್ಪಿನಕಾಯಿಗೂ ಕ್ಯಾಬಿಗೂ ಏನು ಸಂಬಂಧ ಅನ್ನಬಹುದು. ವಾರದ ಕೊನೆಗೆ ಆ ಪುಟ ಓದಿದಾಗ ನನಗೆ ಅಳು ಬಂತು.

ಹೆಜ್ಜೆ 3: ನೀವು ಒತ್ತಬಹುದಾದ ಗುಂಡಿ ಹುಡುಕಿ

ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ನಗರದ ಒತ್ತಡದ ಬಗ್ಗೆ ಮಾಡಿದ, 1972ರಲ್ಲಿ ಪುಸ್ತಕವಾಗಿ ಬಂದ ಪ್ರಯೋಗಗಳನ್ನು ಬೆಂಗಳೂರಿನವರೆಲ್ಲ ತಿಳಿದಿರಬೇಕು ಅಂತ ನನ್ನ ಆಸೆ. ಜನರನ್ನು ಒಂದು ಕೋಣೆಯಲ್ಲಿ ಕೂರಿಸಿ, ಯಾವಾಗ ಬರುತ್ತದೋ ಗೊತ್ತಿಲ್ಲದ ಕರ್ಕಶ ಶಬ್ದ ಕೇಳಿಸಿದರು. ಕೆಲವರಿಗೆ ಒಂದು ಗುಂಡಿ ಕೊಟ್ಟು, ‘ತಡೆಯಲಾಗದಿದ್ದರೆ ಒತ್ತಿ, ಶಬ್ದ ನಿಲ್ಲುತ್ತದೆ, ಒತ್ತದಿದ್ದರೆ ನಮಗೆ ಒಳ್ಳೆಯದು’ ಎಂದರು. ಬಹುಪಾಲು ಜನ ಒತ್ತಲೇ ಇಲ್ಲ. ಅಂದರೆ ಎರಡೂ ಗುಂಪಿನವರು ಕೇಳಿದ್ದು ಅಷ್ಟೇ ಶಬ್ದ. ಆದರೂ ಆಮೇಲೆ ಕೊಟ್ಟ ಕಷ್ಟದ ಒಗಟುಗಳ ಮುಂದೆ ಗುಂಡಿಯಿದ್ದವರು ಹೆಚ್ಚು ಹೊತ್ತು ಪಟ್ಟು ಹಿಡಿದರು, ಕರಡು ತಿದ್ದುವ ಕೆಲಸದಲ್ಲಿ ಕಡಿಮೆ ತಪ್ಪು ಮಾಡಿದರು. ಗುಂಡಿಯಿಲ್ಲದವರು ಬೇಗ ಕೈಚೆಲ್ಲಿದರು.

ಮನಸ್ಸನ್ನು ಸವೆಸುವುದು ಶಬ್ದಕ್ಕಿಂತ ಹೆಚ್ಚಾಗಿ, ಅದನ್ನು ನಿಲ್ಲಿಸಲು ನನ್ನ ಕೈಲಿ ಏನೂ ಇಲ್ಲ ಅನ್ನುವ ಅರಿವು. ಈ ಊರು ದಿನಕ್ಕೆ ಎಷ್ಟು ಸಲ ನಮಗೆ ಅದನ್ನು ಹೇಳುತ್ತದೆ ಯೋಚಿಸಿ. 2024ರ ಬೇಸಿಗೆ ನೆನಪಿದೆಯಲ್ಲ, ಬೋರ್‌ವೆಲ್ ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿದ ಬೇಸಿಗೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಆ ಎರಡು ತಿಂಗಳು ನೀರಿಗಿಂತ ಹೆಚ್ಚು ಜಗಳ ನಡೆದದ್ದು ಪಾರ್ಕಿಂಗ್ ಗೆರೆಗಳ ಬಗ್ಗೆ, ಮಕ್ಕಳು ಲಾಬಿಯಲ್ಲಿ ಸೈಕಲ್ ಓಡಿಸುವ ಬಗ್ಗೆ. ನೀರು ಯಾರ ಕೈಲೂ ಇರಲಿಲ್ಲ. ಗೆರೆ ಕೈಲಿತ್ತು.

ಗುಂಡಿ ಹುಡುಕುವುದು ಅಂದರೆ: ದಿನದಲ್ಲಿ ನಿಮ್ಮನ್ನು ಹೆಚ್ಚು ಸವೆಸುವ ಒಂದು ಸಂಗತಿ ಆರಿಸಿ. ಅದನ್ನು ಪೂರ್ತಿ ಬದಲಿಸಲು ಹೋಗಬೇಡಿ. ಅದರೊಳಗೆ ನೀವೇ ತೀರ್ಮಾನಿಸಬಹುದಾದ ಒಂದು ಅಂಶ ಎಲ್ಲಿದೆ ನೋಡಿ, ಅದನ್ನು ಗಟ್ಟಿಯಾಗಿ ಹಿಡಿಯಿರಿ. ನನ್ನದು ಪ್ರಯಾಣ. 2025ರ ಆಗಸ್ಟ್ 10ರಂದು ಮೆಟ್ರೊ ಹಳದಿ ಮಾರ್ಗ ಉದ್ಘಾಟನೆಯಾದ ಮೇಲೆ ಕೋಣನಕುಂಟೆ ಕ್ರಾಸಿನಲ್ಲಿ ಹಸಿರು ಮಾರ್ಗ ಹತ್ತಿ, ಆರ್.ವಿ. ರಸ್ತೆಯಲ್ಲಿ ಬದಲಿಸಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗತೊಡಗಿದೆ. ಮೊದಮೊದಲು 25 ನಿಮಿಷಕ್ಕೊಂದು ರೈಲು. ಒಟ್ಟು ಸಮಯದಲ್ಲಿ ದೊಡ್ಡ ಉಳಿತಾಯವೇನೂ ಆಗಲಿಲ್ಲ. ಆದರೆ ಎಷ್ಟಕ್ಕೆ ಹೊರಟರೆ ಎಷ್ಟಕ್ಕೆ ಮುಟ್ಟುತ್ತೇನೆ ಅನ್ನುವುದು ತಿಳಿಯಿತು. ತಿಳಿದಿರುವುದೂ ಒಂದು ಗುಂಡಿಯೇ. ಆ ತಿಂಗಳು ಮನೆಗೆ ಬಂದು ನಾನು ಚಪ್ಪಲಿ ಬಿಡುವ ಸದ್ದೇ ಬದಲಾಯಿತು ಅಂತ ಮಗ ಹೇಳಿದ.

ಮೆಟ್ರೊ ಎಲ್ಲರ ದಾರಿಯಲ್ಲಿಲ್ಲ, ನಿಜ. ಪೀಜಿಯಲ್ಲಿರುವ ಹುಡುಗಿಗೆ ಊಟದ ಮೆನು ಬದಲಿಸಲು ಆಗದಿರಬಹುದು, ತನ್ನ ಮಂಚದ ಪಕ್ಕಕ್ಕೊಂದು ಪರದೆ ಕಟ್ಟಿಕೊಳ್ಳಬಹುದು. ರಾತ್ರಿ ಪಾಳಿಯವರು ಪಾಳಿ ಬದಲಿಸಲಾಗದಿದ್ದರೂ ಮಲಗುವ ಹೊತ್ತಿನ ನಾಲ್ಕು ಗಂಟೆ ಫೋನ್ ಬಂದ್ ಮಾಡುವುದನ್ನು ಮನೆಯವರೊಂದಿಗೆ ಮಾತಾಡಿ ನಿಶ್ಚಯಿಸಬಹುದು. ಬಾಡಿಗೆ ಮನೆಯವರು ಗೋಡೆಗೆ ಮೊಳೆ ಹೊಡೆಯಲಾಗದಿದ್ದರೂ ಬಾಲ್ಕನಿಯಲ್ಲಿ ಒಂದು ತುಳಸಿ ಕುಂಡ ಇಡಬಹುದು. ಇವು ಚಿಲ್ಲರೆ ಸಂಗತಿಗಳೆಂದು ತಳ್ಳಿಹಾಕಬೇಡಿ. ಆ ಕೋಣೆಯ ಗುಂಡಿಯನ್ನು ಒತ್ತಿದವರೇ ಕಡಿಮೆ ಅನ್ನುವುದು ನೆನಪಿರಲಿ.

ಸುಳ್ಳು ಗುಂಡಿಗಳಿಂದ ಎಚ್ಚರ

ಮನೋವಿಜ್ಞಾನಿ ಎಲೆನ್ ಲ್ಯಾಂಗರ್ 1975ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಒಂದು ಡಾಲರಿನ ಲಾಟರಿ ಚೀಟಿ ಮಾರಿದರು. ಕೆಲವರಿಗೆ ಚೀಟಿ ಸುಮ್ಮನೆ ಕೊಟ್ಟರು, ಕೆಲವರಿಗೆ ಆರಿಸಿಕೊಳ್ಳಲು ಬಿಟ್ಟರು. ಆಮೇಲೆ ಅದನ್ನು ವಾಪಸ್ ಕೊಳ್ಳಲು ಹೋದಾಗ, ಕೈಗೆ ಕೊಟ್ಟದ್ದನ್ನು ಪಡೆದವರು ಸರಾಸರಿ 1.96 ಡಾಲರ್ ಕೇಳಿದರು, ತಾವೇ ಆರಿಸಿದವರು 8.67 ಡಾಲರ್. ಗೆಲ್ಲುವ ಅವಕಾಶ ಇಬ್ಬರಿಗೂ ಒಂದೇ.

ಸಿಗ್ನಲ್ಲಿನಲ್ಲಿ ಹಾರ್ನ್ ಒತ್ತುವುದು ಸುಳ್ಳು ಗುಂಡಿ. ಕ್ಯಾಬಿನ ನಕಾಶೆಯನ್ನು ಹತ್ತು ಸೆಕೆಂಡಿಗೊಮ್ಮೆ ನೋಡುವುದೂ ಅಷ್ಟೇ. ಆಫೀಸಿನಲ್ಲಿ ಕೂತು ಮನೆಯ ಸಿಸಿಟಿವಿ ನೋಡುವುದು, ಕಾಲೇಜಿಗೆ ಹೋದ ಮಗಳ ಲೊಕೇಶನ್ ಚುಕ್ಕೆ ಎಲ್ಲಿದೆ ಎಂದು ಊಟದ ಮಧ್ಯೆ ತೆಗೆದು ನೋಡುವುದು ಇನ್ನೂ ಕಷ್ಟದವು, ಯಾಕೆಂದರೆ ಅಲ್ಲಿ ನಮ್ಮ ಸಮಾಧಾನಕ್ಕೆ ಬೇರೆಯವರು ಬೆಲೆ ಕೊಡುತ್ತಾರೆ. ಗುರುತಿಸುವುದಕ್ಕೆ ನನ್ನ ಒರೆಗಲ್ಲು ಇದು: ನಿಜವಾದ ಗುಂಡಿ ಇದೆ ಅಂತ ತಿಳಿದ ಮೇಲೆ ಮನಸ್ಸು ಅದನ್ನು ಮರೆತು ಬೇರೆ ಕೆಲಸಕ್ಕೆ ಹೋಗುತ್ತದೆ. ಸುಳ್ಳು ಗುಂಡಿಯನ್ನು ಮತ್ತೆ ಮತ್ತೆ ಒತ್ತಬೇಕಾಗುತ್ತದೆ.

ಹೆಜ್ಜೆ 4: ಕಿತ್ತುಕೊಂಡ ತೀರ್ಮಾನವನ್ನು ಹಿಂದಿರುಗಿಸಿ

ಇದು ಎಲ್ಲಕ್ಕಿಂತ ಕಷ್ಟದ ಹೆಜ್ಜೆ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

1976ರಲ್ಲಿ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಅಮೆರಿಕದ ಕನೆಕ್ಟಿಕಟ್‌ನ ಒಂದು ವೃದ್ಧರ ಆರೈಕೆ ಮನೆಯಲ್ಲಿ ಮಾಡಿದ ಅಧ್ಯಯನ ಪ್ರಕಟವಾಯಿತು. ಒಂದು ಮಹಡಿಯವರಿಗೆ, ನಿಮ್ಮ ಕೋಣೆ ಹೇಗಿರಬೇಕು ನೀವೇ ನೋಡಿಕೊಳ್ಳಿ ಎಂದರು, ಒಂದು ಗಿಡ ಕೊಟ್ಟು ನೀವೇ ನೀರೆರೆಯಿರಿ ಎಂದರು, ಸಿನಿಮಾ ಯಾವ ರಾತ್ರಿ ನೋಡುತ್ತೀರಿ ಆರಿಸಿ ಎಂದರು. ಇನ್ನೊಂದು ಮಹಡಿಯವರಿಗೂ ಗಿಡ ಸಿಕ್ಕಿತು, ಸಿನಿಮಾ ಸಿಕ್ಕಿತು. ಆದರೆ ಗಿಡಕ್ಕೆ ನೀರು ನರ್ಸ್ ಹಾಕುತ್ತಿದ್ದರು, ಸಿನಿಮಾದ ರಾತ್ರಿಯನ್ನು ಸಿಬ್ಬಂದಿಯೇ ಗೊತ್ತುಮಾಡಿದರು. ಮೂರು ವಾರದಲ್ಲಿ ಮೊದಲ ಮಹಡಿಯವರು ಹೆಚ್ಚು ಚುರುಕಾದರು, ಹೆಚ್ಚು ಖುಷಿಯಾಗಿದ್ದರು. ಇದನ್ನು ಓದಿದಾಗ ಅಮ್ಮನ ಕೋಣೆ ನೆನಪಾಯಿತು. ಗಿಡ ಇತ್ತು, ಟಿವಿ ಇತ್ತು, ಬಿಸಿನೀರಿತ್ತು. ನೀರೆರೆಯುವ ಕೈ ಮಾತ್ರ ಅವಳದಾಗಿರಲಿಲ್ಲ.

ಹಿಂದಿರುಗಿಸುವಾಗ ನಾನು ಕಲಿತ ಕೆಲವು ಮಾತು.

ಲೆಕ್ಕಕ್ಕಿಲ್ಲದ್ದನ್ನು ಮಾತ್ರ ಕೊಡಬೇಡಿ. ‘ಹಸಿರು ಸೀರೆನಾ, ನೀಲಿ ಸೀರೆನಾ’ ಅಂತ ಕೇಳುವುದು ಆಯ್ಕೆಯಲ್ಲ. ಮಾತ್ರೆಯ ವಿಷಯವನ್ನೇ ನಾನು ಅಮ್ಮನ ಕೈಗೆ ಬಿಟ್ಟೆ. ಡಾಕ್ಟರ ಮುಂದೆ ಕುಳಿತು ಅವಳೇ ಕೇಳಿದಳು: ಬೆಳಿಗ್ಗೆ ಬದಲು ರಾತ್ರಿ ತಗೊಂಡರೆ ಆಗುತ್ತಾ, ಇದನ್ನು ಯಾಕೆ ಕೊಟ್ಟಿದ್ದೀರಿ, ಬಿಟ್ಟರೆ ಏನಾಗುತ್ತದೆ. ಅವರು ಅವಳಿಗೇ ಉತ್ತರ ಹೇಳಿದರು. ಗಾಂಧಿ ಬಜಾರಿನಲ್ಲಿ ಏಳು ಖಾನೆಯ ಡಬ್ಬಿ ಅವಳೇ ಆರಿಸಿ ಕೊಂಡಳು. ಭಾನುವಾರ ಸಂಜೆ ಡಬ್ಬಿ ತುಂಬುವುದು ಅವಳ ಕೆಲಸ, ತಿಂಗಳಿಗೊಮ್ಮೆ ಬಿಪಿ ನೋಡಿಸುವುದು ನಾವಿಬ್ಬರೂ ಒಪ್ಪಿಕೊಂಡ ಕರಾರು. ಪ್ರಾಣಕ್ಕೆ ಸಂಬಂಧಿಸಿದ ವಿಷಯದಲ್ಲಿ ಇಂಥ ಕರಾರು ಬೇಕೇ ಬೇಕು. ಕಣ್ಣುಮುಚ್ಚಿ ಬಿಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ.

ಕೊಟ್ಟದ್ದನ್ನು ಮರಳಿ ಕಿತ್ತುಕೊಳ್ಳಬೇಡಿ. ಇದನ್ನು ನಾನು ಬಹಳ ಗಟ್ಟಿಯಾಗಿ ಹೇಳಲು ಕಾರಣವಿದೆ. ರಿಚರ್ಡ್ ಶುಲ್ಜ್ ಅದೇ 1976ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿದ್ದರು. ವೃದ್ಧರನ್ನು ನೋಡಲು ಕಾಲೇಜು ವಿದ್ಯಾರ್ಥಿಗಳು ಬರುತ್ತಿದ್ದರು. ಯಾವಾಗ ಬರಬೇಕು, ಎಷ್ಟು ಹೊತ್ತು ಕೂರಬೇಕು ಅಂತ ತಾವೇ ನಿರ್ಧರಿಸಿದವರೂ, ಬರುವುದು ಮೊದಲೇ ತಿಳಿದಿದ್ದವರೂ ಉಳಿದವರಿಗಿಂತ ಚೆನ್ನಾಗಿದ್ದರು. ಅಧ್ಯಯನ ಮುಗಿಯಿತು, ಭೇಟಿಗಳು ನಿಂತವು. ಆಮೇಲೆ ಮತ್ತೆ ಹೋಗಿ ನೋಡಿದರೆ, ಚೆನ್ನಾಗಿದ್ದವರೇ ಹೆಚ್ಚು ಕುಸಿದಿದ್ದರು; ಇದು 1978ರಲ್ಲಿ ಪ್ರಕಟವಾಯಿತು. ಕೈಗೆ ಬಂದ ಬೀಗದ ಕೈ ಕಳೆದುಕೊಳ್ಳುವ ನೋವು ಅಷ್ಟು ದೊಡ್ಡದು. ಉತ್ಸಾಹದಲ್ಲಿ ಹತ್ತು ವಿಷಯ ಬಿಟ್ಟುಕೊಟ್ಟು ಹದಿನೈದು ದಿನಕ್ಕೆ ವಾಪಸ್ ಪಡೆಯುವುದಕ್ಕಿಂತ ಒಂದೇ ವಿಷಯವನ್ನು ಕೊನೆಯವರೆಗೂ ಬಿಟ್ಟುಕೊಡಿ.

ತಪ್ಪು ಮಾಡಲು ಬಿಡಿ. ಅಮ್ಮ ಒಮ್ಮೆ ತರಕಾರಿ ಗಾಡಿಯವನ ಹತ್ತಿರ ಮೂರು ಕೆ.ಜಿ. ಅವರೇಕಾಯಿ ಕೊಂಡಳು. ಅರ್ಧ ಹುಳುಕು. ಬಾಯಿ ತುದಿಗೆ ಬಂದ ಮಾತು ನುಂಗಿ ಅವಳ ಜೊತೆ ಸುಲಿಯಲು ಕೂತೆ. ಮುಂದಿನ ವಾರ ಅವಳು ಗಾಡಿಯವನನ್ನು ನಿಲ್ಲಿಸಿ ಒಂದೊಂದೇ ಕಾಯಿ ಬಿಡಿಸಿ ನೋಡಿದಳು, ಮಾರುಕಟ್ಟೆಯಲ್ಲಿ ಕೊಬ್ಬರಿ ತಟ್ಟಿ ನೋಡುತ್ತಿದ್ದಳಲ್ಲ, ಅದೇ ಮುಖದಲ್ಲಿ.

ಹದಿಹರೆಯದ ಮಕ್ಕಳ ವಿಷಯ ಸ್ವಲ್ಪ ಬೇರೆ. ಜ್ಯಾಕ್ ಬ್ರೆಮ್ 1966ರಲ್ಲಿ ಹೇಳಿದ ಪ್ರತಿರೋಧದ ಸಿದ್ಧಾಂತ ಸರಳ: ಇರುವ ಸ್ವಾತಂತ್ರ್ಯ ಕಿತ್ತುಹೋಗುತ್ತಿದೆ ಅನ್ನಿಸಿದರೆ ಮನುಷ್ಯನಿಗೆ ಅದೇ ಬೇಕೆನಿಸುತ್ತದೆ, ಮೊದಲು ಅಷ್ಟೇನೂ ಬೇಡವಾಗಿದ್ದರೂ. ಪಿಯುಸಿ ಓದುವ ನನ್ನ ಮಗ ಓದಲು ಏಳುವ ಹೊತ್ತಿಗೇ ‘ಹೋಗಿ ಓದು’ ಅಂದರೆ ಮತ್ತೆ ಸೋಫಾದಲ್ಲಿ ಕೂರುತ್ತಿದ್ದ. ಈಗ ನಾನು ಬಳಸುವ ಮಾತುಗಳೇ ಬೇರೆ. ‘ಓದಿದ್ಯಾ?’ ಬದಲು ‘ಇವತ್ತು ನಿನ್ನ ಪ್ಲಾನ್ ಏನು?’ ‘ಫೋನ್ ಇಡು’ ಬದಲು ‘ಫೋನ್ ಎಷ್ಟೊತ್ತಿಗೆ ಇಡ್ತೀಯ, ನೀನೇ ಹೇಳು, ಆ ಹೊತ್ತಿಗೆ ನಾನು ನೆನಪಿಸಲೋ ಬೇಡವೋ?’ ಕಾರಣ ಹೇಳಲೇಬೇಕಾದ ಜಾಗದಲ್ಲಿ ಕಾರಣ ಹೇಳುತ್ತೇನೆ. ಹೆಲ್ಮೆಟ್ ವಿಷಯದಲ್ಲಿ ಚರ್ಚೆಯಿಲ್ಲ, ಅದನ್ನೂ ಅವನಿಗೆ ನೇರವಾಗಿ ಹೇಳಿದ್ದೇನೆ.

ಇಲ್ಲಿ ಒಂದು ಅನುಮಾನ ಬರುತ್ತದೆ: ಇದೆಲ್ಲ ಪಶ್ಚಿಮದವರ ‘ನನ್ನ ಬದುಕು ನನ್ನಿಷ್ಟ’ ಅಲ್ಲವೇ, ನಮ್ಮ ಮನೆಗಳಿಗೆ ಹೊಂದುತ್ತದೆಯೇ? ನನ್ನ ಅತ್ತಿಗೆ ಇದನ್ನೇ ಕೇಳಿದಳು. ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪರ್ 1999ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಏಳರಿಂದ ಒಂಬತ್ತು ವರ್ಷದ ಮಕ್ಕಳಿಗೆ ಅಕ್ಷರದ ಒಗಟು ಕೊಟ್ಟಿದ್ದರು. ಬಿಳಿಯ ಅಮೆರಿಕನ್ ಮಕ್ಕಳು ತಾವೇ ಆರಿಸಿಕೊಂಡಾಗ ಚೆನ್ನಾಗಿ ಮಾಡಿದರು. ಏಷ್ಯಾ ಮೂಲದ ಮಕ್ಕಳು ಇನ್ನೂ ಚೆನ್ನಾಗಿ ಮಾಡಿದ್ದು ‘ನಿನ್ನ ಅಮ್ಮ ಆರಿಸಿದ್ದು’ ಎಂದಾಗ. ಅಪರಿಚಿತರು ಆರಿಸಿದ್ದೆಂದಾಗ ಅವರೂ ಹಿಂದೆ ಬಿದ್ದರು. ಸ್ವಾಯತ್ತತೆ ಅಂದರೆ ಒಬ್ಬರೇ ಇರುವುದಲ್ಲ. ಮಗ ಮನಸ್ಸೊಪ್ಪಿ ‘ಅಮ್ಮ, ಯಾವ ಕಾಲೇಜು ಅಂತ ನೀನೇ ಹೇಳು’ ಅಂದರೆ ಅದೂ ಅವನ ಆಯ್ಕೆಯೇ. ಅವನು ಕೇಳುವ ಮೊದಲೇ ನಾನು ಫೀಸು ಕಟ್ಟಿ ಬಂದರೆ, ಅಲ್ಲ.

ಹೆಜ್ಜೆ 5: ಕೈಕೆಳಗೆ ಜನ ಇದ್ದರೆ

ಲಂಡನ್ನಿನ ಸರ್ಕಾರಿ ನೌಕರರ ಮೇಲೆ ಮೈಕೆಲ್ ಮಾರ್ಮಟ್ ನೇತೃತ್ವದಲ್ಲಿ 1985ರಲ್ಲಿ ಶುರುವಾದ ಎರಡನೇ ವೈಟ್‌ಹಾಲ್ ಅಧ್ಯಯನದಲ್ಲಿ 10,308 ಜನರಿದ್ದರು. ದರ್ಜೆ ಕೆಳಗಿಳಿದಂತೆ ಹೃದಯದ ಕಾಯಿಲೆ ಹೆಚ್ಚುತ್ತಿತ್ತು. ಅದರ ಹಿಂದಿನ ಒಂದು ಮುಖ್ಯ ಕಾರಣ, ತಮ್ಮ ಕೆಲಸದ ಮೇಲೆ ತಮಗೇ ಹಿಡಿತವಿಲ್ಲದಿರುವುದು. ಕೆಲಸ ಹೆಚ್ಚಿರುವ ಮೇಲಧಿಕಾರಿಗಳಿಗಿಂತ, ಹೇಳಿದಷ್ಟು ಹೇಳಿದಂತೆ ಮಾಡಬೇಕಾದವರ ಎದೆಗೆ ಹೆಚ್ಚು ಪೆಟ್ಟು. ಟೀಮ್ ನಡೆಸುವ ಯಾರೇ ಆಗಲಿ ಇದನ್ನು ಒಂದು ಜವಾಬ್ದಾರಿಯಂತೆ ಹೊರಬೇಕು ಅಂತ ನಾನು ನಂಬುತ್ತೇನೆ.

ಡೇವಿಡ್ ಮೆಕ್ಲೆಲ್ಯಾಂಡ್ ಅಧಿಕಾರಕ್ಕೆ ಎರಡು ಮುಖ ಇವೆ ಎಂದರು. ಒಂದು, ಎದುರಿನವರನ್ನು ಸೋಲಿಸಿ ತಾನು ದೊಡ್ಡವನಾಗುವುದು. ಇನ್ನೊಂದು, ಜೊತೆಯವರಿಗೆ ತಮಗೂ ಬಲವಿದೆ ಅನ್ನಿಸುವಂತೆ ಮಾಡುವುದು. ಅಧಿಕಾರ ಬಯಸುವುದೇ ಕೆಟ್ಟದ್ದು ಅಂತ ನಾನೆಂದೂ ಹೇಳಲಾರೆ. ಬಡಾವಣೆಯ ಚರಂಡಿ ಸರಿಮಾಡಿಸಲು ವಾರ್ಡ್ ಕಚೇರಿಗೆ ಹತ್ತು ಸಲ ಹೋಗುವ ನಮ್ಮ ಅಪಾರ್ಟ್‌ಮೆಂಟಿನ ಕಾರ್ಯದರ್ಶಿಗೂ ಅಧಿಕಾರದ ಆಸೆಯಿದೆ, ಅದರಿಂದ ನಮಗೆಲ್ಲ ಒಳ್ಳೆಯದಾಗಿದೆ. ಸೋಮವಾರ ನೀವು ಮಾಡಬಹುದಾದ್ದು ಇಷ್ಟು: ನಿಮ್ಮ ಟೀಮಿನವರು ನಿಮ್ಮ ಅಪ್ಪಣೆಗೆ ಕಾಯುವ ಸಂಗತಿಗಳ ಪಟ್ಟಿ ಅವರಿಂದಲೇ ಬರೆಸಿ. ಅದರಲ್ಲಿ ಮೂರಕ್ಕೆ ‘ಇನ್ನು ಕೇಳಬೇಡಿ, ಮಾಡಿ’ ಅನ್ನಿ. ತಪ್ಪಾದ ದಿನ ಮೇಲಿನವರ ಮುಂದೆ ಅವರ ಪಕ್ಕದಲ್ಲಿ ನಿಲ್ಲಿ.

ಹೆಜ್ಜೆ 6: ಎಲ್ಲ ಕೈಬಿಟ್ಟು ಕೂತವರಿಗೆ

ಕೆಲವರಿಗೆ ಹಿಡಿತದ ಹಸಿವೇ ಸತ್ತುಹೋಗಿರುತ್ತದೆ. ‘ಏನು ಮಾಡಿದ್ರೂ ಅಷ್ಟೇ ಬಿಡಿ’ ಅನ್ನುತ್ತಾರೆ. ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ 1967ರಲ್ಲಿ, ತಪ್ಪಿಸಿಕೊಳ್ಳಲಾಗದ ಶಾಕ್ ತಿಂದ ನಾಯಿಗಳು ಆಮೇಲೆ ದಾರಿ ತೆರೆದಿದ್ದರೂ ಸುಮ್ಮನೆ ಮಲಗಿದ್ದನ್ನು ತೋರಿಸಿ, ಇದು ಕಲಿತ ಅಸಹಾಯಕತೆ ಎಂದಿದ್ದರು. ಸುಮಾರು ಐವತ್ತು ವರ್ಷದ ನಂತರ, 2016ರಲ್ಲಿ, ಮಿದುಳಿನ ಸಂಶೋಧನೆಗಳ ಆಧಾರದ ಮೇಲೆ ಅವರೇ ತಮ್ಮ ಮಾತನ್ನು ತಿರುಗಿಸಿದರು. ದೀರ್ಘ ಕಷ್ಟದ ಮುಂದೆ ಸುಮ್ಮನಾಗುವುದು ಜೀವಿಯ ಸಹಜ ಪ್ರತಿಕ್ರಿಯೆ. ಕಲಿಯಬೇಕಾದ್ದು ‘ಇದು ನನ್ನ ಕೈಲಿದೆ’ ಅನ್ನುವುದನ್ನು.

ಹಾಗಾಗಿ ಅಂಥವರನ್ನು ಸೋಮಾರಿ ಅನ್ನಬೇಡಿ, ಉಪದೇಶ ಮಾಡಬೇಡಿ. ಮಾಡಿದ ದಿನವೇ ಫಲ ಕಾಣುವ ಒಂದು ಕೆಲಸ ಜೊತೆಗಿದ್ದು ಮಾಡಿಸಿ. ಅಮ್ಮನಿಗೆ ಅದು ಬಸ್ಸಾಯಿತು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗಿನಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಮೊದಲ ಎರಡು ಸಲ ನಾನು ಜೊತೆಗೆ ಹೋದೆ. ಮೂರನೇ ಮಂಗಳವಾರ ಅವಳೊಬ್ಬಳೇ ಆಧಾರ್ ಕಾರ್ಡ್ ಹಿಡಿದು ಬನಶಂಕರಿ ದೇವಸ್ಥಾನಕ್ಕೆ ಹೋಗಿ, ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿ ಬಂದಳು. ಶೂನ್ಯ ಮೊತ್ತದ ಆ ಟಿಕೆಟ್ಟನ್ನು ಈಗಲೂ ಪರ್ಸಿನಲ್ಲಿಟ್ಟುಕೊಂಡಿದ್ದಾಳೆ. ದುಡ್ಡು ಕೇಳದೆ, ಯಾರನ್ನೂ ಕರೆಯದೆ, ಮನಸ್ಸು ಬಂದಾಗ ಎದ್ದು ಹೋಗುವುದು ಎಷ್ಟು ದೊಡ್ಡದು ಅನ್ನುವುದು, ಸದಾ ಗಾಡಿ ಕೀಲಿ ಕೈಲಿರುವ ನಮಗೆ ಬೇಗ ಹೊಳೆಯುವುದಿಲ್ಲ.

ತಿಂಗಳುಗಟ್ಟಲೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಅದು ಈ ಲೇಖನದ ಕೈಮೀರಿದ್ದು. 14416ಕ್ಕೆ ಕರೆ ಮಾಡಿ, ಅದು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್. ದಿನದ 24 ಗಂಟೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹೊಸೂರು ರಸ್ತೆಯ ನಿಮ್ಹಾನ್ಸ್ ಈ ಸೇವೆಯ ರಾಷ್ಟ್ರೀಯ ಕೇಂದ್ರ.

ಹೆಜ್ಜೆ 7: ಇನ್ನೊಬ್ಬರ ಮುಷ್ಟಿಯಲ್ಲಿ ಸಿಕ್ಕಿಕೊಂಡವರು ನೀವೇ ಆದರೆ

ಮೇಲಿನದನ್ನೆಲ್ಲ ಓದಿ ‘ಪಾಪ, ಅವರಿಗೂ ಆಫೀಸಿನಲ್ಲಿ ಕಷ್ಟ ಇರಬೇಕು’ ಅಂತ ನಿಮ್ಮನ್ನು ಹಿಂಸಿಸುವವರನ್ನು ಅರ್ಥಮಾಡಿಕೊಳ್ಳುತ್ತ ಕೂರಬೇಡಿ. ಕಾರಣ ಅರ್ಥವಾದರೂ ಹಿಂಸೆ ಹಿಂಸೆಯೇ. ಸಂಬಳದ ಖಾತೆಯ ಕಾರ್ಡ್ ಕಿತ್ತಿಟ್ಟುಕೊಳ್ಳುವುದು, ತವರಿಗೆ ಫೋನ್ ಮಾಡಲು ಬಿಡದಿರುವುದು, ದಿನಾ ಫೋನ್ ತೆಗೆದು ಸಂದೇಶ ಓದುವುದು, ಹೊರಗೆ ಕಾಲಿಡಲು ಅಪ್ಪಣೆ ಬೇಕಾಗುವುದು ಕಾಳಜಿ ಅಲ್ಲ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ ಹೊಡೆತವನ್ನಷ್ಟೇ ಅಲ್ಲ, ಮಾತಿನ, ಮನಸ್ಸಿನ ಹಾಗೂ ಹಣಕಾಸಿನ ದೌರ್ಜನ್ಯವನ್ನೂ ಹಿಂಸೆ ಎಂದೇ ಕರೆಯುತ್ತದೆ. ಮ್ಯಾಜಿಸ್ಟ್ರೇಟರು ರಕ್ಷಣೆಯ ಆದೇಶ ಕೊಡಬಹುದು, ವಾಸದ ಮನೆಯಿಂದ ನಿಮ್ಮನ್ನು ಹೊರಹಾಕದಂತೆ ತಡೆಯಬಹುದು.

ಸಹಾಯವಾಣಿಗಳು ಇವು: ಮಹಿಳೆಯರಿಗೆ 181. ಮಕ್ಕಳ ಮನೆಯಲ್ಲಿ ಅಸಹಾಯಕರಾದ ಹಿರಿಯರಿಗೆ 14567. ಪ್ರಾಣಕ್ಕೆ ಅಪಾಯವಿದ್ದರೆ ತಡಮಾಡದೆ 112. ನಿಮ್ಮ ಫೋನನ್ನು ಯಾರಾದರೂ ನೋಡುತ್ತಾರೆಂದಾದರೆ ಅದರಿಂದ ಕರೆ ಮಾಡಬೇಡಿ. ಪಕ್ಕದ ಮನೆಯವರದ್ದೋ, ಕೆಲಸದ ಜಾಗದ ಗೆಳತಿಯದ್ದೋ ಫೋನ್ ಕೇಳಿ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಜನನ ಪತ್ರದ ನಕಲುಗಳನ್ನು ಮನೆಯ ಹೊರಗೆ ನಂಬಿಕೆಯ ಒಬ್ಬರ ಬಳಿ ಇಡಿ. ಯಾವ ದಿನ ಏನಾಯಿತು ಅನ್ನುವುದನ್ನು ತಾರೀಕು ಹಾಕಿ ಬರೆದು, ಆ ಹಾಳೆಯನ್ನೂ ಅವರ ಹತ್ತಿರವೇ ಕೊಟ್ಟಿಡಿ.